ಗರ್ಭದೊಳಗಿನ ಹೊಲಿಗೆ

ಸ್ಪೈನಾ ಬೈಫಿಡಾ ಎಂಬ ಜನ್ಮದೋಷದ ತೀವ್ರ ರೂಪದಲ್ಲಿ ಶಿಶುವಿನ ಬೆನ್ನುಹುರಿಯನ್ನು ಮೂಳೆಯಾಗಲಿ ಚರ್ಮವಾಗಲಿ ಮುಚ್ಚಿರುವುದಿಲ್ಲ. ಗರ್ಭದ ನೀರು ತಗುಲಿ ಅದು ಹಾಳಾಗುತ್ತ ಹೋಗುತ್ತದೆ. ಹುಟ್ಟುವ ಮೊದಲೇ ಮುಚ್ಚಿದರೆ? 1990ರ ದಶಕದ ಮಧ್ಯದಲ್ಲಿ ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವೈದ್ಯರು ಎಂಡೋಸ್ಕೋಪಿನ ಮೂಲಕ ತಾಯಿಯ ಚರ್ಮವನ್ನೇ ಶಿಶುವಿನ ಬೆನ್ನಿಗೆ ಹೊದಿಸಿ ನೋಡಿದರು. ನಾಲ್ಕು ಶಿಶುಗಳಲ್ಲಿ ಎರಡು ಉಳಿಯಲಿಲ್ಲ. 1997ರಿಂದ ಗರ್ಭಕೋಶವನ್ನು ತೆರೆದು, ಶಿಶುವಿನದೇ ಚರ್ಮವನ್ನು ಹೊಲಿಯತೊಡಗಿದರು. ಆರು ತಿಂಗಳೂ ತುಂಬದ ಶಿಶುವಿನ ಚರ್ಮ ಎಷ್ಟು ತೆಳುವೆಂದು ನೀವೇ ಊಹಿಸಿ! ಬಿಗಿಯಾಗಿ ಎಳೆದರೆ ಹರಿಯುತ್ತದೆ. ಸಾಲದಿದ್ದರೆ ಪಕ್ಕೆಯಲ್ಲಿ ಕೊಯ್ದು ಸಡಿಲಿಸಬೇಕು, ಇಲ್ಲವೇ ಜೀವಕೋಶಗಳನ್ನು ತೆಗೆದ ಮಾನವ ಚರ್ಮದ ತೇಪೆ ಹಾಕಬೇಕು. ಫಲ? 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಿದುಳಿನ ನೀರು ಹರಿಸುವ ನಳಿಕೆ ಬೇಕಾದದ್ದು ಹುಟ್ಟಿದ ಮೇಲೆ ಹೊಲಿದ ಶೇಕಡ 82 ಮಕ್ಕಳಿಗೆ. ಗರ್ಭದಲ್ಲೇ ಹೊಲಿದವರಲ್ಲಿ ಶೇಕಡ 40 ಮಾತ್ರ. ಆದರೆ ಅವಧಿಗೆ ಮುಂಚಿನ ಹೆರಿಗೆಯೂ ತಾಯಿಯ ಗರ್ಭಕೋಶಕ್ಕೆ ಅಪಾಯವೂ ಹೆಚ್ಚಿದ್ದವು.