ಹಗಲು ವ್ಯಾಪಾರ, ರಾತ್ರಿ ವೇಷ

ಕಳೆದ ಡಿಸೆಂಬರಿನ ಒಂದು ಗುರುವಾರ ರಾತ್ರಿ. ಬೆಂಗಳೂರಿನ ಒಂದು ಕೆಫೆಯ ಮಹಡಿ. ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಹನ್ನೊಂದು ಜನ, ಅದರಲ್ಲಿ ನಾಲ್ಕು ಜನ ನನ್ನ ಹಾಗೇ ತಮ್ಮ ಸರದಿಗೆ ಕಾಯ್ತಾ ಇದ್ದವರು. ಐದು ನಿಮಿಷ ಮಾತಾಡಿದೆ. ನಮ್ಮೂರಿನ ಕೊನೆಗೌಡ ಮರದ ಮೇಲಿಂದಲೇ ಮೊಬೈಲಿನಲ್ಲಿ ಮಾತಾಡೋದನ್ನ ಮಿಮಿಕ್ರಿ ಮಾಡಿ ತೋರಿಸಿದೆ. ನಕ್ಕರು. ಎಷ್ಟು ನಕ್ಕರು ಅಂದ್ರೆ ಪಕ್ಕದ ಟೇಬಲ್ಲಿನ ಕಾಫಿ ಚೆಲ್ಲಿತು. ಆ ಚೆಲ್ಲಿದ ಕಾಫಿ ಇದ್ಯಲ್ಲ, ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಇನ್ನೂ ಸಿಕ್ಕಿಲ್ಲ :-)

ಮಾರನೇ ದಿನ ಆಫೀಸಿನಲ್ಲಿ ಮ್ಯಾನೇಜರು ಕರೆದರು. "ನೀನು ಮಾತಾಡಿದ್ರೆ ಕಸ್ಟಮರ್ ಕೂತು ಕೇಳ್ತಾನೆ ಕಣಯ್ಯಾ. ಕೋಡ್ ಬರೆಯೋಕೆ ಬೇರೆಯವರಿದ್ದಾರೆ. ಸೇಲ್ಸಿಗೆ ಬಾ" ಅಂದರು. ಸಂಬಳ ಜಾಸ್ತಿ. ಜೊತೆಗೆ ಟಾರ್ಗೆಟ್ಟು, ವಾರಕ್ಕೆ ನಾಲ್ಕು ದಿನ ತಿರುಗಾಟ. ಅಂದರೆ ಗುರುವಾರದ ಸ್ಟೇಜು ಕೈಬಿಟ್ಟ ಹಾಗೇ. ಇನ್ನೊಂದು ಕಡೆ ಕಾಮಿಡಿ ಮಾಡುವ ಗೆಳೆಯರು "ಕೆಲಸ ಬಿಟ್ಟು ಬಾ, ಅರ್ಧ ಮನಸ್ಸಿಂದ ಯಾವುದೂ ಆಗಲ್ಲ" ಅಂತ ಹೇಳ್ತಾ ಇದ್ದಾರೆ. ಇಪ್ಪತ್ತೆಂಟು ಮುಗಿಯುತ್ತಾ ಬಂತು. ಏನು ಮಾಡೋದು ಅಂತ ತಿಳಿಯದೆ, ಅಡಿಕೆ ಕೊಯ್ಲಿನ ನೆಪ ಹೇಳಿ ನಾಲ್ಕು ದಿನ ರಜೆ ಹಾಕಿ ಊರಿಗೆ ಬಸ್ಸು ಹತ್ತಿದೆ. ನಮ್ಮದು ಹೊಸನಗರದ ಕಡೆ. ಅಜ್ಜನ ಮನೆ ಸಾಗರದ ಹತ್ತಿರ. ಅಕ್ಕನನ್ನು ಕೊಟ್ಟಿದ್ದು ತೀರ್ಥಹಳ್ಳಿಗೆ. ಈ ಮೂರು ಊರಿನ ನಡುವಿನ ಬಸ್ಸಿನ ಕಿಟಕಿಯಲ್ಲೇ ನನ್ನ ಅರ್ಧ ಬಾಲ್ಯ ಕಳೆದಿದೆ.

ಅಂಗಳದಲ್ಲಿ ಅಡಿಕೆ ಒಣಹಾಕುತ್ತಿದ್ದ ಅಪ್ಪಯ್ಯನಿಗೆ ವಿಷಯ ಹೇಳಿದೆ. ಕೈಯಾಡಿಸುತ್ತಲೇ ಅಂದರು: "ತೋಟ ಹಗಲಿಗಾತು, ಆಟ ರಾತ್ರಿಗಾತು. ಒಂದಕ್ಕೊಂದು ಅಡ್ಡ ಎಂತಕ್ಕೆ ಬತ್ತು ಮಾಣಿ?"

ಅಷ್ಟೇ. ಅವರ ಪಾಲಿಗೆ ಚರ್ಚೆ ಮುಗಿದಿತ್ತು. ನನಗೆ ಅಲ್ಲಿಂದ ಶುರುವಾಯಿತು. ನಮ್ಮ ಸೀಮೆಯಲ್ಲಿ ಹಿಂದಿನವರು ಹೊಟ್ಟೆಪಾಡನ್ನೂ ನಗುವನ್ನೂ ಹೇಗೆ ಒಟ್ಟಿಗೆ ಇಟ್ಟುಕೊಂಡಿದ್ದರು ಅಂತ ನಾಲ್ಕು ದಿನ ಅವರಿವರ ಹತ್ತಿರ ಕೇಳಿದೆ, ಅಟ್ಟದ ಹಳೇ ಪುಸ್ತಕ ತೆಗೆದೆ. ಸಿಕ್ಕಿದ್ದನ್ನು ಇಲ್ಲಿ ಬರೆದಿಡ್ತಾ ಇದ್ದೀನಿ.

* * *

ಮೊದಲು ಸುಲಿತದ ಮನೆ. ಈಗ ಅಡಿಕೆ ಸುಲಿಯೋಕೆ ಮಷೀನು ಬಂದಿದೆ. ನಾನು ಚಿಕ್ಕವನಿದ್ದಾಗ ಕೊಯ್ಲಿನ ದಿನಗಳಲ್ಲಿ ರಾತ್ರಿ ಇಪ್ಪತ್ತು ಮೂವತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದರು. ಕೂಲಿ ಡಬ್ಬಕ್ಕೆ ಇಷ್ಟು ಅಂತ. ಕೈಗೆ ಕೆಲಸ, ಬಾಯಿಗೆ ಬಿಡುವು. ಒಬ್ಬರು ಕಥೆ ಹೇಳೋದು, ಇನ್ನೊಬ್ಬರು ಅಡ್ಡ ಮಾತು ಹಾಕೋದು. ನಗು ಬರದ ಕಥೆಗೆ ಯಾರೂ ಮರ್ಯಾದೆಗೆ ಕೂಡ ನಗುತ್ತಿರಲಿಲ್ಲ, ಯಾಕಂದ್ರೆ ನಕ್ಕರೆ ಕೈ ನಿಲ್ಲುತ್ತೆ, ಕೈ ನಿಂತರೆ ಡಬ್ಬ ತುಂಬೋದಿಲ್ಲ. ಇದಕ್ಕಿಂತ ಕಠಿಣವಾದ ಪ್ರೇಕ್ಷಕರು ಬೆಂಗಳೂರಿನಲ್ಲಿ ನನಗಂತೂ ಸಿಕ್ಕಿಲ್ಲ.

ಆಮೇಲೆ ಯಕ್ಷಗಾನದ ಹಾಸ್ಯಗಾರ. ಪ್ರಸಂಗದ ಪುಸ್ತಕದಲ್ಲಿ ಇರೋದು ಪದ್ಯ ಮಾತ್ರ. ಮಾತೆಲ್ಲ ಕಲಾವಿದರದ್ದೇ, ಅಲ್ಲೇ ಹುಟ್ಟಬೇಕು. ಅದರಲ್ಲೂ ಹಾಸ್ಯಗಾರ ಆ ಊರಿನ ಆ ದಿನದ ಸುದ್ದಿಯನ್ನೇ ಹಿಡಿದು ಮಾತಾಡಬೇಕು. ಅವನ ವೇಷಗಳು ನೋಡಿ: ದೂತ, ಬಾಗಿಲು ಕಾಯುವವನು, ಕಂಸವಧೆಯಲ್ಲಿ ಬಟ್ಟೆ ಒಗೆಯುವ ರಜಕ. ರಾಜನ ಆಸ್ಥಾನದಲ್ಲಿ ಎಲ್ಲರಿಗಿಂತ ಕೆಳಗೆ ನಿಂತವನು, ಆದರೆ ರಾಜನಿಗೇ ಎದುರು ಮಾತಾಡೋ ಸಲುಗೆ ಇರೋದು ಅವನಿಗೊಬ್ಬನಿಗೆ. ಈ ಸಾಲನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಮೇಳಗಳ ತಿರುಗಾಟ ಸುಮಾರು ನವೆಂಬರಿನಿಂದ ಮೇ ಕೊನೆಯವರೆಗೆ. ತುಳುನಾಡಿನಲ್ಲಿ ಪತ್ತನಾಜೆ ಅಂತಾರೆ, ಆ ದಿನಕ್ಕೆ ಗೆಜ್ಜೆ ಬಿಚ್ಚೋದು. ಮಳೆಗಾಲದಲ್ಲಿ ಬಣ್ಣದವನೂ ಗದ್ದೆಗಿಳಿಯಬೇಕು, ಇಲ್ಲವೇ ಬೇರೆ ಏನಾದರೂ ಉದ್ಯೋಗ ನೋಡಿಕೊಳ್ಳಬೇಕು. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗ್ತಾರೆ. ಅಂದರೆ 'ಪೂರ್ಣಾವಧಿ ಕಲಾವಿದ' ಅಂತ ನಾವು ಅಂದುಕೊಂಡವನದ್ದೂ ಅರ್ಧ ವರ್ಷದ ಲೆಕ್ಕ. ಮಳೆಯೇ ಅವನ ಕ್ಯಾಲೆಂಡರು.

ಇನ್ನು ಸೇಲ್ಸು ಆಟಕ್ಕೆ ಹೊರಗಿನದು ಅಂತ ನಾನು ತಿಳಿದಿದ್ದೆ. ಅದೂ ತಪ್ಪು. ಹರಕೆ ಬಯಲಾಟಕ್ಕೆ ಟಿಕೆಟ್ ಇಲ್ಲ, ಆಡಿಸುವವರು ಖರ್ಚು ಹಾಕ್ತಾರೆ. ಆದರೆ 1950ರ ದಶಕದಲ್ಲಿ ಡೇರೆ ಮೇಳಗಳು ಶುರುವಾದ ಮೇಲೆ ಗೇಟಿನಲ್ಲಿ ಚೀಟಿ ಹರಿಯಬೇಕಾಯಿತು. ಹಗಲು ಮೈಕು ಕಟ್ಟಿದ ಗಾಡಿ ಊರೂರು ಸುತ್ತಿ ರಾತ್ರಿಯ ಪ್ರಸಂಗವನ್ನೂ ಕಲಾವಿದರ ಹೆಸರನ್ನೂ ಕೂಗಬೇಕಾಯಿತು. ಆ ಕೂಗಿನಲ್ಲಿ ಹಾಸ್ಯಗಾರನ ಹೆಸರು ಬಂದರೆ ಜನ ಕಿವಿಗೊಡ್ತಿದ್ದರು. ಹಾಗಾಗಿ ನಗುವಿಗೂ ಗಲ್ಲಾಪೆಟ್ಟಿಗೆಗೂ ನಂಟು ನನ್ನ ಮ್ಯಾನೇಜರು ಕಂಡುಹಿಡಿದಿದ್ದಲ್ಲ.

* * *

ನಮ್ಮ ಸೀಮೆಯಲ್ಲಿ ಎರಡು ಕೆಲಸದವರು ಅಂತ ಹುಡುಕಿದರೆ ಮೊದಲು ಸಿಗೋದು ಒಬ್ಬ ರಾಜ! 1696ರಿಂದ 1714ರವರೆಗೆ ಬಿದನೂರಿನಿಂದ, ಅಂದರೆ ಇವತ್ತಿನ ಹೊಸನಗರ ತಾಲೂಕಿನ ನಗರದಿಂದ, ಆಳಿದ ಕೆಳದಿಯ ಬಸವರಾಜ. ಇವನ ಹೆಸರಿನಲ್ಲಿರೋ 'ಶಿವತತ್ತ್ವರತ್ನಾಕರ' ಸಂಸ್ಕೃತದ ಒಂದು ವಿಶ್ವಕೋಶ. ರಾಜನೀತಿ, ಸಂಗೀತ, ಅಡುಗೆ ಎಲ್ಲಾ ಇದೆ. ಹಗಲು ರಾಜ್ಯಭಾರ, ಉಳಿದ ಹೊತ್ತು ಪುಸ್ತಕ. ಆದರೆ ರಾಜನಿಗೇನು ಬಿಡಿ, ರಜೆ ಹಾಕೋಕೆ ಯಾರನ್ನೂ ಕೇಳಬೇಕಾಗಿಲ್ಲ :-)

ನಮ್ಮ ನಿಮ್ಮಂಥವರ ಕಥೆ ಬೇಕು ಅಂದರೆ ಹೆಗ್ಗೋಡಿಗೆ ಬರಬೇಕು. ಸಾಗರ ತಾಲೂಕಿನ ಈ ಹಳ್ಳಿಯಲ್ಲಿ 1949ರಲ್ಲಿ ಊರಿನ ಒಂದಷ್ಟು ಜನ ಸೇರಿ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಕಟ್ಟಿದರು. ಅದೇ ನೀನಾಸಂ. ಕೆ.ವಿ. ಸುಬ್ಬಣ್ಣ (1932-2005) ಮೈಸೂರಿನಲ್ಲಿ ಓದಿ, ಪಟ್ಟಣದಲ್ಲಿ ಉಳಿಯದೆ ಊರಿಗೆ ವಾಪಸು ಬಂದು ಅಡಿಕೆ ತೋಟದ ಜೊತೆ ನಾಟಕ, ಪ್ರಕಾಶನ ಎಲ್ಲವನ್ನೂ ನಡೆಸಿದರು. ತೋಟದವರೇ ನಟರು, ತೋಟದವರೇ ಪ್ರೇಕ್ಷಕರು. 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, 1973ರಲ್ಲಿ ಫಿಲ್ಮ್ ಸೊಸೈಟಿ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಸವಿಗಳನ್ನು ಸುಮ್ಮನೆ ಪಟ್ಟಿ ಮಾಡಿಲ್ಲ. 1949ರಿಂದ 1980ಕ್ಕೆ ಮೂವತ್ತೊಂದು ವರ್ಷ! ಅಷ್ಟು ದಿನ ಅದು ನಡೆದದ್ದು ಬಿಡುವಿನ ಹೊತ್ತಿನ ಹವ್ಯಾಸವಾಗಿಯೇ. ನಾನು ಎಂಟು ತಿಂಗಳು ಓಪನ್ ಮೈಕ್ ಮಾಡಿ, 'ಈಗ ನಿರ್ಧಾರ ಮಾಡಲೇಬೇಕು' ಅಂತ ಒದ್ದಾಡ್ತಾ ಇದ್ದೆ.

ಇಲ್ಲೇ ಒಂದು ಮುಳ್ಳೂ ಇದೆ. ನೀನಾಸಂ ಶುರುವಾದ ಎರಡೇ ವರ್ಷಕ್ಕೆ, 1951ರಲ್ಲಿ, ಅದೇ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಜಗಳ ಹತ್ತಿದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ. ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು, ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರು ಹೋರಾಟದ ದನಿಯಾದರು. 1952ರ ಚುನಾವಣೆಯಲ್ಲಿ ಸಾಗರ-ಹೊಸನಗರದಿಂದ ಗೋಪಾಲಗೌಡರು ಗೆದ್ದು ಶಾಸಕರಾದರು.

ಒಂದೇ ತಾಲೂಕು, ಹೆಚ್ಚುಕಡಿಮೆ ಒಂದೇ ಹೊತ್ತು. ಒಂದು ಊರಲ್ಲಿ ಜನ ನಾಟಕದ ಪರದೆ ಕಟ್ಟುತ್ತಿದ್ದರು, ಇನ್ನೊಂದು ಊರಲ್ಲಿ ಕೊಳಗಕ್ಕಾಗಿ ಜೈಲಿಗೆ ಹೋಗುತ್ತಿದ್ದರು. ಹೆಗ್ಗೋಡಿನವರನ್ನು ದೂರೋಕೆ ಇದನ್ನು ಹೇಳ್ತಿಲ್ಲ. 'ಹಗಲು ತೋಟ, ರಾತ್ರಿ ಆಟ' ಅನ್ನೋ ಅಪ್ಪಯ್ಯನ ಮಾತು ಚೆಂದ. ಆದರೆ ಆ ಮಾತು ಆಡೋಕೆ ಒಂದು ತೋಟ ಇರಬೇಕು. ದುಡಿದದ್ದರಲ್ಲಿ ದೊಡ್ಡ ಪಾಲು ಗೇಣಿಗೆ ಹೋಗುವ ಮನೆಯಲ್ಲಿ ಎರಡನೇ ಬದುಕಿಗೆ ರಾತ್ರಿ ಎಲ್ಲಿ ಉಳಿಯುತ್ತೆ? ನನ್ನ ಸಂಬಳವೂ ನನಗೆ ಒಂದು ತೋಟವೇ. 'ಕೆಲಸ ಬಿಡ್ತೀನಿ' ಅಂತ ಧೈರ್ಯವಾಗಿ ಯೋಚಿಸೋಕೂ ಅದೇ ಆಸರೆ ಕೊಟ್ಟಿದೆ ಅನ್ನೋದು ಹೊಳೆದು ಸ್ವಲ್ಪ ನಾಚಿಕೆಯಾಯಿತು.

* * *

ಕೆಲಸ ಬಿಟ್ಟವರೂ ಇದ್ದಾರೆ. ಟಿ.ಪಿ. ಕೈಲಾಸಂ (1884-1946) ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯ ಕೆಲಸ ಬಿಟ್ಟು ನಾಟಕಕ್ಕೆ ಇಳಿದರು. ಅವತ್ತಿನ ಬೆಂಗಳೂರಿನವರು ಮನೆಯಲ್ಲಿ ಹೇಗೆ ಇಂಗ್ಲಿಷು ಬೆರೆಸಿ ಮಾತಾಡ್ತಿದ್ದರೋ ಹಾಗೇ ರಂಗದ ಮೇಲೆ ಆಡಿಸಿ ನಗಿಸಿದರು. ತೀರ್ಥಹಳ್ಳಿ ತಾಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ ಮಣಿಪಾಲದಲ್ಲಿ ಫಾರ್ಮಸಿ ಓದಿ, ಹೈದರಾಬಾದಿನಲ್ಲಿ ಔಷಧಿ ಕಂಪನಿಯ ದಾರಿ ಹಿಡಿದವರು. ಅದನ್ನು ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು. 1977ರಲ್ಲಿ 'ಘಟಶ್ರಾದ್ಧ' ಬಂತು, ಸ್ವರ್ಣಕಮಲ ಗೆದ್ದಿತು. ಅದರ ಕಥೆ ಅದೇ ತಾಲೂಕಿನ ಮೇಳಿಗೆಯ ಅನಂತಮೂರ್ತಿಯವರದ್ದು.

ಬಿಡದೆ ನಗಿಸಿದವರ ಸಾಲು ಇನ್ನೂ ಉದ್ದ. 'ರಾಶಿ' ಅಂತ ಬರೆಯುತ್ತಿದ್ದ ಡಾ. ಎಂ. ಶಿವರಾಂ ವೈದ್ಯ ವೃತ್ತಿ ನಡೆಸುತ್ತಲೇ 'ಕೊರವಂಜಿ'ಯನ್ನು 1942ರಿಂದ 1967ರವರೆಗೆ ಇಪ್ಪತ್ತೈದು ವರ್ಷ ನಡೆಸಿದರು. ಆರ್.ಕೆ. ಲಕ್ಷ್ಮಣ್ ಅವರ ಶುರುವಿನ ಚಿತ್ರಗಳು ಅದರಲ್ಲಿ ಬಂದಿದ್ದವು. ತಿಂಮನನ್ನು ಹುಟ್ಟಿಸಿದ ಬೀಚಿ ಪೊಲೀಸ್ ಇಲಾಖೆಯ ನೌಕರರು. ಹನಿಗವನದ ಡುಂಡಿರಾಜ್ ಬ್ಯಾಂಕಿನ ಅಧಿಕಾರಿಯಾಗಿದ್ದವರು.

ಆದರೆ ನನ್ನನ್ನು ನಿಲ್ಲಿಸಿದ್ದು ನಗಿಸದೇ ಇದ್ದ ಒಬ್ಬರು. ಸಾಗರದ ನಾ. ಡಿಸೋಜ (1937-2025). ಲೋಕೋಪಯೋಗಿ ಇಲಾಖೆಯ ನೌಕರಿ, ಶರಾವತಿ ಯೋಜನೆಯ ಕೆಲಸ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಊರಿಗೆ ಊರೇ ನೀರಿನಡಿ ಹೋಯಿತು. ಕಟ್ಟುವ ಕಡೆ ಸಂಬಳ ತಗೊಂಡವರು ಮುಳುಗಿದವರ ಕಥೆ ಬರೆದರು: 'ಮುಳುಗಡೆ', 'ದ್ವೀಪ'. ಮುಂದೆ 'ದ್ವೀಪ'ವನ್ನು ಸಿನಿಮಾ ಮಾಡಿದ್ದು ಕಾಸರವಳ್ಳಿಯೇ. ಕೆಲಸ ಬಿಡದವರು ಬರೆದರು, ಕೆಲಸ ಬಿಟ್ಟವರು ತೆರೆಗೆ ತಂದರು!

ಕೆಲಸ ನನ್ನ ಹೊತ್ತನ್ನು ಕದಿಯುತ್ತೆ ಅಂತಷ್ಟೇ ನಾನು ಲೆಕ್ಕ ಹಾಕಿದ್ದೆ. ಅದು ಏನನ್ನು ತೋರಿಸುತ್ತೆ ಅಂತ ನೋಡೇ ಇರಲಿಲ್ಲ. ಡಿಸೋಜರು ಆ ಕೆಲಸದಲ್ಲಿ ಇಲ್ಲದಿದ್ದರೆ ಆ ಮನೆಗಳನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದರಾ?

* * *

ಹೊರಡುವ ಹಿಂದಿನ ದಿನ ಅಪ್ಪಯ್ಯನಿಗೆ ನನ್ನ ಐದು ನಿಮಿಷದ ವಿಡಿಯೋ ತೋರಿಸಿದೆ. ಪೂರ್ತಿ ನೋಡಿದರು. ಒಮ್ಮೆಯೂ ನಗಲಿಲ್ಲ. ಕೊನೆಗೆ ಮೆಲ್ಲಗೆ ಕೇಳಿದರು: "ಇದ್ನ ಅವಂಗೆ ತೋರ್ಸಲೆ ಅಡ್ಡಿ ಇಲ್ಯ?"

ಕೊನೆಗೌಡರು ಅಷ್ಟು ಹೊತ್ತಿಗೆ ಕೆಳಗಿನ ಬಣ್ಣದಲ್ಲಿ ಎಪ್ಪತ್ತು ಅಡಿ ಮೇಲಿದ್ದರು, ಸೊಂಟಕ್ಕೆ ಹಗ್ಗ ಸುತ್ತಿಕೊಂಡು. ಅಡ್ಡಿ ಇತ್ತು. ತೋರಿಸೋಕೆ ಆಗಲಿಲ್ಲ. ಹಾಸ್ಯಗಾರ ಕೆಳಗೆ ನಿಂತು ರಾಜನನ್ನು ನಗೆಪಾಟಲು ಮಾಡ್ತಾನೆ. ನಾನು ತೋಟದ ಯಜಮಾನನ ಮಗ, ಸಂಬಳದ ಕುರ್ಚಿಯಲ್ಲಿ ಕೂತವನು, ನಮ್ಮ ಅಡಿಕೆ ಇಳಿಸಿ ಕೊಡುವವರನ್ನು ಅಣಕಿಸಿ ಕಾಫಿ ಚೆಲ್ಲಿಸಿದ್ದೆ. ವೇಷ ತಲೆಕೆಳಗಾಗಿತ್ತು.

ವಾಪಸು ಬಂದು ಮಾಡಿದ್ದು ಎರಡು ಕೆಲಸ. ಒಂದು, ಆ ಐದು ನಿಮಿಷವನ್ನು ಪೂರ್ತಿ ಎತ್ತಿ ಬಿಸಾಕಿದೆ. ಎರಡು, ಸೇಲ್ಸಿಗೆ ಹೂಂ ಅಂದೆ, ಗುರುವಾರ ಮಾತ್ರ ಬೆಂಗಳೂರಿನಲ್ಲೇ ಇರ್ತೀನಿ ಅಂತ ಮಾತು ತಗೊಂಡು. ಕ್ವಾರ್ಟರು ಮುಗಿಯುವ ತಿಂಗಳು ಆ ಮಾತು ನಡೆಯಲ್ಲ. ಅದು ನನ್ನ ಮಳೆಗಾಲ, ಗೆಜ್ಜೆ ಬಿಚ್ಚಿಡುವ ಹೊತ್ತು ಅಂದುಕೊಂಡಿದ್ದೀನಿ.

ಹೊಸ ಐದು ನಿಮಿಷ ಕಸ್ಟಮರ್ ಎದುರು ಸುಳ್ಳುಸುಳ್ಳೇ ನಗುವ ಒಬ್ಬ ಸೇಲ್ಸ್‌ಮನ್ ಬಗ್ಗೆ. ಅಂದರೆ ನನ್ನ ಬಗ್ಗೆಯೇ. ಮೊದಲ ಸಲ ಮಾಡಿದಾಗ ಮೂರು ಜನ ನಕ್ಕರು. ಕಾಫಿ ಚೆಲ್ಲಲಿಲ್ಲ. ಆದರೆ ಈ ವಿಡಿಯೋವನ್ನು ಯಾರಿಗೆ ಬೇಕಾದರೂ ತೋರಿಸಬಹುದು.

ನೀವೂ ಹಗಲು ಇನ್ನೇನೋ ಮಾಡಿ ರಾತ್ರಿ ಕೂತು ಬರೆಯುವವರೇ ಅಲ್ವಾ? ನಿಮ್ಮ ಮಳೆಗಾಲ ಯಾವುದು, ಹೇಳಿ..