ದಾನಿಗಳ ಮಾಹಿತಿಯ ಗೋಪ್ಯತೆ

ದಾನ, ದೇಣಿಗೆ, ಚಂದಾ ಕೊಟ್ಟವರ ಹೆಸರು, ವಿಳಾಸ, ಮೊಬೈಲ್ ನಂಬರು, ಪ್ಯಾನ್, ಕೊಟ್ಟ ಮೊತ್ತ ಮೊದಲಾದ ವಿವರಗಳನ್ನು ಪಡೆದ ಸಂಸ್ಥೆ ಹೇಗೆ ಕಾಪಾಡಬೇಕು, ಯಾರಿಗೆ ತೋರಿಸಬಹುದು ಎಂಬುದು ಈ ವಿಷಯದ ತಿರುಳು. ಭಾರತದ ಕಾನೂನಿಗೆ ಇದು ಹೊಸದು. ಕೊಟ್ಟವರ ಹೆಸರು ಬರೆದಿಡುವ ರೂಢಿ ಮಾತ್ರ ಎರಡು ಸಾವಿರ ವರ್ಷಕ್ಕೂ ಹಳೆಯದು.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಪತ್ತೆಹಚ್ಚಿದ ಶಿಲಾಶಾಸನ ಅಶೋಕನನ್ನು ಹೆಸರಿಟ್ಟೇ ಕರೆಯುತ್ತದೆ. ಅದೇ ದೊರೆಯ ಇನ್ನೊಂದು ಆಜ್ಞೆ ಅಲಹಾಬಾದಿನ ಕಂಬದ ಮೇಲಿದೆ: ಎರಡನೆಯ ರಾಣಿ ಕಾರುವಾಕಿ ಕೊಟ್ಟ ಮಾವಿನ ತೋಪಾಗಲಿ, ಉದ್ಯಾನವಾಗಲಿ, ದಾನಶಾಲೆಯಾಗಲಿ ಆಕೆಯ ಲೆಕ್ಕಕ್ಕೇ ಸೇರಬೇಕು. ಕಲಬುರಗಿ ಜಿಲ್ಲೆಯ ಸನ್ನತಿಯ ಪಕ್ಕದ ಕನಗನಹಳ್ಳಿ ಬೌದ್ಧ ಸ್ತೂಪದ ಕಲ್ಲುಗಳ ಮೇಲೂ ದಾನಿಗಳ ಹೆಸರುಗಳಿವೆ. ಮುಂದೆ ಚಾಲುಕ್ಯರ ಕಾಲದ ದಾನಶಾಸನಗಳು ಕೊಟ್ಟವರಾರು, ಪಡೆದವರಾರು, ಹೊಲದ ಎಲ್ಲೆ ಎಲ್ಲಿಯವರೆಗೆ ಎಂದು ಬರೆಸಿ, ದಾನಕ್ಕೆ ಅಳುಪಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟಲಿ ಎಂಬ ಶಾಪದೊಂದಿಗೆ ಮುಗಿಯುತ್ತಿದ್ದವು. ಹೆಸರನ್ನು ಕಲ್ಲಿಗೆ ಹಾಕಿಸುವುದರಲ್ಲಿ ಕೀರ್ತಿಯ ಆಸೆ ಇರಲಿಲ್ಲವೆಂದಲ್ಲ. ಆದರೆ ಆ ಬರಹ ಕಟ್ಟಿಹಾಕುತ್ತಿದ್ದದ್ದು ದಾನ ಪಡೆದವರನ್ನು ಮತ್ತು ಮುಂದೆ ಬರುವ ಅರಸರನ್ನು, ದಾನಿಯನ್ನಲ್ಲ.

ಹೆಸರೇ ಬರೆಯದ ದಾನದ ದಾರಿಯೂ ಇದೇ ಸೀಮೆಯಲ್ಲಿತ್ತು. ಚೀಕಲಪರವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದ ಜಗನ್ನಾಥದಾಸರು ಸೇರಿದ 18ನೆಯ ಶತಮಾನದ ಹರಿದಾಸ ಪರಂಪರೆಗೆ ಮನೆಮನೆಗೆ ಹೋಗಿ ಭಿಕ್ಷೆ ಪಡೆಯುವ ಗೋಪಾಳಬುಟ್ಟಿ, ಯಾಯಿವಾರಗಳು ಸಹಜವಾಗಿದ್ದವು. ಬುಟ್ಟಿಗೆ ಬಿದ್ದ ಹಿಡಿ ಅಕ್ಕಿ ಯಾವ ಮನೆಯದೆಂದು ಲೆಕ್ಕವಿಡುವ ಪದ್ಧತಿ ಅದರಲ್ಲಿಲ್ಲ. ಅದಕ್ಕೂ ಆರು ಶತಮಾನ ಹಿಂದೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಗಂಡ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸ್ಸು ಕಳಿಸಿದಳೆಂಬ ಕಥೆ ಪ್ರಸಿದ್ಧ. ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕೆಂಬ ಆಕೆಯ ಹಟ ಈಗಿನ ದತ್ತಾಂಶ ಕಾಯ್ದೆಗಳಲ್ಲಿಯೂ ಒಂದು ಮುಖ್ಯ ತತ್ತ್ವ.

ಊರ ಜಾತ್ರೆ, ಗಣೇಶೋತ್ಸವಗಳಿಗೆ ಪಟ್ಟಿ ಎತ್ತುವಾಗ ಮಾತ್ರ ಗೋಪ್ಯತೆಯನ್ನು ಹೆಚ್ಚಿನವರು ಕೇಳುವುದಿಲ್ಲ. ಯಾರು ಎಷ್ಟು ಕೊಟ್ಟರೆಂದು ಮೈಕಿನಲ್ಲಿ ಕೂಗುತ್ತಾರೆ. ಗುಡಿಯ ಫ್ಯಾನಿನ ರೆಕ್ಕೆಯ ಮೇಲೂ ದಾನಿಯ ಹೆಸರು ಗಿರಗಿರನೆ ತಿರುಗುತ್ತದೆ. ಹೆಸರು ಬೇಡವೆನ್ನುವವರಿಗೆ ಹುಂಡಿಯಿದೆ, ಪಾವತಿ ಪುಸ್ತಕದಲ್ಲಿ ‘ಗುಪ್ತದಾನ’ ಎಂದು ಬರೆಸುವ ಅವಕಾಶವಿದೆ. ಕೂಗಿಸಿಕೊಳ್ಳುವುದೋ ಮರೆಯಲ್ಲಿರುವುದೋ, ಆಯ್ಕೆ ದಾನಿಯದೇ.

ಈ ಆಯ್ಕೆಯನ್ನು ಮೊದಲು ಕಿರಿದು ಮಾಡಿದ್ದು ತೆರಿಗೆ. 2006ರ ಹಣಕಾಸು ಕಾಯ್ದೆ ಅನಾಮಧೇಯ ದೇಣಿಗೆಗೆ ಶೇ. 30 ತೆರಿಗೆ ಹಾಕಿತು. ಪೂರ್ತಿ ಧಾರ್ಮಿಕ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟದ್ದರಿಂದ ಗುಡಿಯ ಹುಂಡಿ ಬಚಾವಾಯಿತು. ದಾನಿಗೆ 80 ಜಿ ಕಲಮಿನ ತೆರಿಗೆ ರಿಯಾಯಿತಿ ಕೊಡಿಸುವ ಸಂಸ್ಥೆಗಳು 2021–22ರ ಸಾಲಿನಿಂದ 10 ಬಿಡಿ ನಮೂನೆಯಲ್ಲಿ ಪ್ರತಿ ದಾನಿಯ ಹೆಸರು, ವಿಳಾಸ, ಗುರುತಿನ ಸಂಖ್ಯೆ, ಮೊತ್ತಗಳನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಯಿತು. ಸುಳ್ಳು ರಸೀದಿಗಳ ಹಾವಳಿ ತಡೆಯಲು ಇದು ಬೇಕಿತ್ತು ಎಂಬುದು ನಿಜ. ಆದರೆ ಎರಡು ಕೋಣೆಯ ಕಚೇರಿಯಲ್ಲಿ ನಡೆಯುವ ಟ್ರಸ್ಟುಗಳ ಕಂಪ್ಯೂಟರಿನಲ್ಲೂ ನೂರಾರು ಜನರ ಪ್ಯಾನ್ ಸಂಖ್ಯೆಗಳು ಬಂದು ಕೂತವು. ದೇವಸ್ಥಾನಗಳದ್ದು ಇನ್ನೊಂದು ಬಗೆ: ಸೇವೆಯ ಚೀಟಿಗೆ ಹೆಸರಿನ ಜೊತೆ ಗೋತ್ರ, ನಕ್ಷತ್ರ, ರಾಶಿ ಬರೆಸುವುದು ವಾಡಿಕೆ. ಸಂಕಲ್ಪಕ್ಕೆಂದು ಅರ್ಚಕರ ಬಾಯಲ್ಲಿ ಒಮ್ಮೆ ಬಂದು ಹೋಗುತ್ತಿದ್ದ ವಿವರ ಆನ್‌ಲೈನ್ ಬುಕಿಂಗಿನಲ್ಲಿ ಮೊಬೈಲ್ ನಂಬರಿನೊಡನೆ ಶಾಶ್ವತವಾಗಿ ಉಳಿಯಬಲ್ಲದು.

ಇಂಥ ಪಟ್ಟಿಗಳು ಕೈ ಬದಲಾಯಿಸಿದರೆ ಏನಾದೀತೆಂಬುದನ್ನು ಬ್ರಿಟನ್ ಕಂಡಿತು. 2015ರಲ್ಲಿ ಬ್ರಿಸ್ಟಲ್‌ನ 92 ವರ್ಷದ ದಾನಿಯೊಬ್ಬರು ತೀರಿಕೊಂಡಾಗ ಅವರ ಮನೆಗೆ ಬರುತ್ತಿದ್ದ ಬೇಡಿಕೆ ಪತ್ರಗಳ ರಾಶಿ ಸುದ್ದಿಯಾಯಿತು. ಸಾವಿಗೆ ಅದು ಕಾರಣವಲ್ಲವೆಂದು ಮನೆಯವರೇ ಹೇಳಿದರು. ಆದರೆ 99 ಸಂಸ್ಥೆಗಳ ಬಳಿ ಅವರ ವಿವರವಿದ್ದದ್ದು ತನಿಖೆಯಲ್ಲಿ ಹೊರಬಿತ್ತು. ದೇಣಿಗೆ ಸಂಗ್ರಹಕ್ಕೆ ಹೊಸ ನಿಯಂತ್ರಕ ಸಂಸ್ಥೆ ಬಂತು. ದಾನಿಗಳ ಆಸ್ತಿಪಾಸ್ತಿಯನ್ನು ಅವರಿಗೆ ತಿಳಿಸದೆ ಅಳೆದದ್ದೇ ಮೊದಲಾದ ತಪ್ಪುಗಳಿಗೆ 2016–17ರಲ್ಲಿ 13 ಸಂಸ್ಥೆಗಳು ದಂಡ ಕಟ್ಟಿದವು. 2020ರಲ್ಲಿ ಅಮೆರಿಕದ ಬ್ಲ್ಯಾಕ್‌ಬಾಡ್ ಕಂಪನಿಯ ಮೇಲೆ ಸೈಬರ್ ದಾಳಿ ನಡೆದು, ಅದರ ತಂತ್ರಾಂಶ ಬಳಸುತ್ತಿದ್ದ ವಿಶ್ವವಿದ್ಯಾಲಯ, ಸೇವಾಸಂಸ್ಥೆಗಳ ದಾನಿಗಳ ವಿವರ ಕಳ್ಳರ ಕೈ ಸೇರಿತು. ಆ ದಾನಿಗಳಲ್ಲಿ ಬಹುತೇಕರು ಕಂಪನಿಯ ಹೆಸರನ್ನೇ ಕೇಳಿರಲಾರರು.

ಭಾರತದಲ್ಲಿ ಗೋಪ್ಯತೆಗೆ ಮೂಲಭೂತ ಹಕ್ಕಿನ ಸ್ಥಾನ ಸಿಕ್ಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಿಂದ. ಆಧಾರ್ ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟಿಗೆ ಹೋದಾಗ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ತೀರ್ಪು ಕೊಟ್ಟಿತು. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಲಾಭಕ್ಕಾಗಿ ನಡೆಯುವುದಿಲ್ಲವೆಂಬ ಒಂದೇ ಕಾರಣಕ್ಕೆ ಯಾವ ಟ್ರಸ್ಟೂ ಅದರ ಹೊರಗೆ ನಿಲ್ಲುವಂತಿಲ್ಲ.

ಚಿಕಿತ್ಸೆ ಮೊದಲಾದವಕ್ಕೆ ಆನ್‌ಲೈನಿನಲ್ಲಿ ದೇಣಿಗೆ ಎತ್ತುವ ಬೆಂಗಳೂರಿನ ಮಿಲಾಪ್ (2010) ಮೊದಲಾದ ವೇದಿಕೆಗಳು ಹೊಸ ತೊಡಕೊಂದನ್ನು ತಂದಿವೆ. ಅಪರಿಚಿತರ ನಂಬಿಕೆ ಗಳಿಸಲು ರೋಗಿಯ ಫೋಟೊ, ಆಸ್ಪತ್ರೆಯ ಕಾಗದ, ಖರ್ಚಿನ ಅಂದಾಜು ಎಲ್ಲವನ್ನೂ ಊರಿಗೆಲ್ಲ ತೋರಿಸಬೇಕು. ಕೊಡುವವರು ಹೆಸರು ಮುಚ್ಚಿಟ್ಟುಕೊಳ್ಳಬಹುದು, ಬೇಡುವವರು ಮುಚ್ಚಿಡುವಂತಿಲ್ಲ. ದಾನದ ಗೋಪ್ಯತೆಯ ಚರ್ಚೆ ಈ ಕಡೆಯನ್ನು ಹೆಚ್ಚು ಮುಟ್ಟಿಲ್ಲ.

2023ರ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ. ಮಾನ್ವಿಯ ಉತ್ಸವ ಸಮಿತಿಯೊಂದರ ಕಾಗದದ ಪಾವತಿ ಪುಸ್ತಕ ಕಾಯ್ದೆಯ ಹೊರಗಿದೆ, ಅದೇ ಹೆಸರುಗಳನ್ನು ಸಮಿತಿ ಕಂಪ್ಯೂಟರಿಗೆ ಏರಿಸಿದರೆ ಒಳಗೆ ಬರುತ್ತವೆ. ವಿವರಗಳನ್ನು ಯಾವ ಉದ್ದೇಶಕ್ಕೆ ಪಡೆಯಲಾಗುತ್ತಿದೆ ಎಂಬ ಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದಲು ದಾನಿಗೆ ಅವಕಾಶ ಕೊಡಬೇಕೆಂದು ಕಾಯ್ದೆಯ 5ನೆಯ ಕಲಂ ಹೇಳುತ್ತದೆ.