ನೀಲಿ ಚಂದ್ರ ಮತ್ತು ಅಮ್ಮನ ಹುಣ್ಣಿಮೆ

ಮೊನ್ನೆ ಅಮ್ಮ ಫೋನಿನಲ್ಲಿ, "ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದ್ಸಲ ನೆನಪಾಗ್ತೀನಿ ಅಲ್ವಾ ನಿಂಗೆ?" ಅಂದಳು. ಇಂಥ ಕಡೆ ಇಂಗ್ಲೀಷಿನವರು "ಒನ್ಸ್ ಇನ್ ಎ ಬ್ಲೂ ಮೂನ್" ಅನ್ನುತ್ತಾರೆ. ಅಂದರೆ ತೀರಾ ಅಪರೂಪಕ್ಕೊಮ್ಮೆ.

ಇಂಗ್ಲೀಷ್ ತಿಂಗಳೊಂದರಲ್ಲಿ ಎರಡು ಹುಣ್ಣಿಮೆ ಬಂದರೆ ಎರಡನೆಯದೇ ಬ್ಲೂ ಮೂನ್, ಆ ಮಾತು ಹುಟ್ಟಿದ್ದೇ ಅದರಿಂದ ಅಂತ ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹುಡುಕಿ ನೋಡಿದರೆ, ನಾನು ಹೇಳಿದ್ದೆಲ್ಲ ತಪ್ಪು!

ಆ ಮಾತು 19ನೇ ಶತಮಾನದಲ್ಲೇ ಬಳಕೆಯಲ್ಲಿತ್ತು. ಎರಡನೇ ಹುಣ್ಣಿಮೆಯ ಅರ್ಥ ಬಂದದ್ದು 1946ರಲ್ಲಿ. ಅಮೆರಿಕದ ಮೇನ್ ರಾಜ್ಯದ ರೈತರ ಪಂಚಾಂಗವೊಂದು ಬ್ಲೂ ಮೂನ್ ಲೆಕ್ಕ ಕೊಡುತ್ತಿತ್ತು. ಮೂರು ತಿಂಗಳ ಒಂದು ಋತುವಿನಲ್ಲಿ ಸಾಮಾನ್ಯವಾಗಿ ಮೂರು ಹುಣ್ಣಿಮೆ. ನಾಲ್ಕು ಬಂದರೆ ಮೂರನೆಯದು ಬ್ಲೂ ಮೂನ್. ಇದನ್ನು ಜೇಮ್ಸ್ ಹ್ಯೂ ಪ್ರೂಯೆಟ್ ಎಂಬವರು 'ಸ್ಕೈ ಅಂಡ್ ಟೆಲಿಸ್ಕೋಪ್' ಪತ್ರಿಕೆಯಲ್ಲಿ ತಪ್ಪಾಗಿ ಅರ್ಥೈಸಿ, ತಿಂಗಳಿನ ಎರಡನೇ ಹುಣ್ಣಿಮೆ ಎಂದು ಬರೆದರು. 1980ರಲ್ಲಿ ಅಮೆರಿಕದ ರೇಡಿಯೋ ಕಾರ್ಯಕ್ರಮವೊಂದು ಅದನ್ನೇ ಹೇಳಿತು. ಆಮೇಲೆ ಕೇಳಬೇಕೆ? ಎಲ್ಲೆಡೆ ಹಬ್ಬಿತು. 1999ರಲ್ಲಿ ಅದೇ ಪತ್ರಿಕೆ ತಪ್ಪೊಪ್ಪಿಕೊಂಡಿತು. ಆದರೆ ಅಷ್ಟು ಹೊತ್ತಿಗೆ ತಪ್ಪೇ ಅರ್ಥವಾಗಿ ನಿಂತಿತ್ತು.

ಹಾಗಂತ ಚಂದ್ರ ನೀಲಿಯಾಗುವುದೇ ಇಲ್ಲ ಅಂದುಕೊಳ್ಳಬೇಡಿ. 1883ರಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗ, 1950ರಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಬ್ರಿಟನ್ನಿಗೆ ತೇಲಿಬಂದಾಗ, ಜನ ನಿಜಕ್ಕೂ ನೀಲಿ ಚಂದ್ರನನ್ನು ಕಂಡಿದ್ದರು.

ಈ ಹೆಚ್ಚುವರಿ ಹುಣ್ಣಿಮೆ ನಮಗೇನೂ ಹೊಸತಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಹನ್ನೆರಡು ಸಲ ಸುತ್ತಿದರೂ ವರ್ಷಕ್ಕೆ ಹನ್ನೊಂದು ದಿನ ಕಮ್ಮಿ. ಆ ಉಳಿಕೆ ಸೇರಿ ಸೇರಿ ಎರಡೂವರೆ ವರ್ಷ ದಾಟುವಾಗ ಒಂದು ತಿಂಗಳಷ್ಟಾಗುತ್ತದೆ. ನಮ್ಮ ಪಂಚಾಂಗದಲ್ಲಿ ಅದು ಅಧಿಕ ಮಾಸ. 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂತು. ಆ ವರ್ಷದ ಆಗಸ್ಟಿನಲ್ಲೇ ಎರಡು ಹುಣ್ಣಿಮೆ ಬಿತ್ತು. ಎರಡರ ಹಿಂದೆಯೂ ಇರುವುದು ಅದೇ ಹನ್ನೊಂದು ದಿನ.

ಅಮ್ಮನ ಮಾತಿಗೆ ಬರೋಣ. ಬ್ಲೂ ಮೂನ್ ಬರಲು ಎರಡೂವರೆ ವರ್ಷಕ್ಕೂ ಹೆಚ್ಚು ಬೇಕು. ಅಮಾವಾಸ್ಯೆಯೋ ಹುಣ್ಣಿಮೆಯೋ ಹದಿನೈದು ದಿನಕ್ಕೊಮ್ಮೆ ಬಂದೇ ಬರುತ್ತದೆ. ನಾನು ಫೋನ್ ಮಾಡಿ ಐದು ವಾರ ಆಗಿತ್ತು. ಅಮ್ಮ ನನ್ನ ಮರ್ಯಾದೆ ಉಳಿಸಿಯೇ ಬೈದಿದ್ದಳು.

ಇದನ್ನು ಬರೆದು ಮುಗಿಸಿದೆ. ಈಗ ಅಮ್ಮನಿಗೆ ಫೋನ್ ಮಾಡಬೇಕು.